ಸೊನ್ನಿ ಇರೋ ತುದಿ

ಟೇಪಿನ ಸೊನ್ನಿ ಇರೋ ತುದಿ ನನ್ನ ಕೈಯಾಗ,
ಓದೋ ತುದಿ ರಿಯಾಜೋದ್ದೀನ್ ಸಾಹೇಬರ ಕೈಯಾಗ.
ನಾಕು ದಿನದ ಕೂಲಿ. ಕೆಲಸ ಇಷ್ಟೇ,
ಮೂಲಿಗಿ ಬೆರಳೊತ್ತಿ ಅಲುಗದಂಗ ನಿಂದ್ರೂದು.
"ಜಗದೇವಿ, ಬಿಗಿ ಹಿಡಿ" ಅಂತಾರ.
ಬಿಗಿ ಹಿಡದೀನಿ.

ಇಂಜಗೋಳದ ಈ ಗುಡಿಗಿ ಹೆಸರು ಮೂರು.
ನಮ್ಮ ಓಣ್ಯಾಗ ಮೌನಪ್ಪಜ್ಜನ ಗುಡಿ,
ಮ್ಯಾಲಿನ ಓಣ್ಯಾಗ ಕಣಕಿ ಗುಡಿ,
ಸಾಹೇಬರ ಕಾಗದದಾಗ ಬಸದಿ, ಹನ್ನೆರಡನೆ ಶತಮಾನ,
ಅದರ ಮುಂದ ಒಂದು ಪ್ರಶ್ನೆ ಗುರುತು.

ಬಾಗಿಲು ನನ್ನ ಎದಿ ಮಟ್ಟ.
ತಲಿ ಬಾಗಿಸಿ ಬರಲೆಂತ ಹಂಗ ಮಾಡ್ಯಾರಂತ
ನಮ್ಮ ಆಯಿ ಹೇಳ್ತಿದ್ದಳು.
ಸಾಹೇಬರು ನಕ್ಕರು. ಬಾಗಿಲು ಗಿಡ್ಡಲ್ಲವ್ವ,
ನೆಲ ಎದ್ದದ.
ಕಾಗಿಣಾ ಹೊಳಿ ತಂದ ಮಣ್ಣು, ಒಲಿ ಬೂದಿ, ಆಡಿನ ಹಿಕ್ಕಿ,
ವರ್ಷಕ್ಕ ಒಂದು ಕೂದಲೆಳಿಯಷ್ಟು.

ಒಳಗ ತಂಪು. ಬಾವಲಿ ವಾಸನಿ.
ನಾಕು ಕಂಬ ಕರಿ ಕಲ್ಲು, ಎಲ್ಲಿದೋ ತಂದದ್ದು.
ಗ್ವಾಡಿ ಮಾತ್ರ ನಮ್ಮ ಖಣಿ ಕಲ್ಲು,
ಮಜ್ಜಿಗಿ ಬಣ್ಣ, ಪದರ ಪದರ.
ನಮ್ಮಪ್ಪ ಶಾಬಾದದಾಗ ಮೂವತ್ತು ವರ್ಷ
ಹಾರಿ ಹಾಕಿ ರೊಟ್ಟಿಯಂಗ ಎಬ್ಬಿಸಿದ್ದು ಇದನ್ನೇ.
ಕರಿ ಕಂಬಕ್ಕ ಬಳಿ ಇಟ್ಟಂಗ ಸುತ್ತಲೂ ಗೆರಿ.
"ಚರಕಿಗಿ ಹಾಕಿ ತಿರುವ್ಯಾರ."
ಇಷ್ಟು ದೊಡ್ಡ ಕಲ್ಲು ಬುಗುರಿಯಂಗ ತಿರುಗುವಾಗ
ಊರ ಹುಡುಗ್ರು ದನ ಬಿಟ್ಟು ಬಂದು ನೋಡಿರಬೇಕು.

ನೆತ್ತಿ ಮ್ಯಾಲ ಚೌಕದಾಗ ಓರಿ ಚೌಕ, ಅದರಾಗ ಮತ್ತೊಂದು,
ನಡುವ ಕೆಳಮುಖ ಮಾಡಿದ ತಾವರಿ.
ಮೂರು ಎಸಳಿಗಿ ಮಸಿ.
ರಜಾಕಾರರ ವರ್ಷ ನಮ್ಮ ಆಯಿ
ಹನ್ನೊಂದು ಹೆಂಗಸರ ಕೂಡ ಇಲ್ಲೇ, ಆರು ರಾತ್ರಿ.
ಒಂದು ಚಿಮಣಿ.
ಕೂಸಿನ ಬಾಯಿಗಿ ಬೆಲ್ಲ.
ಬಾಗಿಲಿಗಿ ಕಣಕಿ ಒಟ್ಟಿ ಹೊರಗ ಕುಂತಾತ ಪಿಂಜಾರ ಹುಸೇನಪೀರ.
ಯಾರರೆ ಕೇಳಿದ್ರ, "ದನದ ಮೇವು, ಮತ್ತೇನದ?"

ಇದನ್ನ ಎಲ್ಲಿ ಬರೀತೀರಿ ಅಂದೆ.
ಸಾಹೇಬರ ಪೆನ್ಸಿಲ್ ಜರಾ ನಿಂತಿತು.
"ಚಾವಣಿ: ಮಸಿ ಹಿಡಿದಿದೆ" ಅಂತ ಬರದ್ರು.

ಶಾಸನ ಹೊರಗ, ಬೋರಿನ ಬಲ್ಯಾಕ, ಅರ್ಧ ಮುರದದ್ದು.
ಅದರ ಮ್ಯಾಲ ನಾ ಎಷ್ಟು ಸೀರಿ ಒಗದೀನಿ!
ನೀರು ಹೊಡದು, ಸಂಜಿ ವಾರಿ ಬಿಸಲಿಗಿ ಓದಿದ್ರು.
ಮಾಕಬ್ಬೆ ಅನ್ನೋಕಿ, ಗಾಣದ ಮನ್ಯಾಕಿ,
ದೀಪಕ್ಕ ದಿನಾ ಒಂದು ಸೊಲಗಿ ಎಣ್ಣಿ ಬಿಟ್ಟಾಳ,
ಚಂದ್ರ ಸೂರ್ಯ ಇರೋತನಕ...
ಮುಂದ ಕಲ್ಲೇ ಇಲ್ಲ.
ಮುಂದ ಶಾಪ ಇರತದಂತ, ಅಳಿಸಿದವರಿಗಿ.
ನನ್ನ ಸಾಬಾಣಿಗಿ ಎಷ್ಟು ಪಾಪ ಹತ್ತ್ಯದೋ.

ಬಾಗಿಲ ನೆತ್ತಿ ಮ್ಯಾಲ ಒಬ್ಬಾತ ಕುಂತಾನ.
ಮೂರು ಕೊಡಿ ಅವ, ಮೂಗಿಲ್ಲ, ಅರಿವಿಲ್ಲ.
ಅವನೇ ನಮ್ಮ ಮೌನಪ್ಪಜ್ಜ.
ಮಾತು ಬರದ ಕೂಸಿಗಿ ಇಲ್ಲಿ ತಂದು ಜೇನು ನೆಕ್ಕಸ್ತೀವಿ.
"ಅವರ ಧರ್ಮದಾಗ ಜೇನು ಮುಟ್ಟಂಗಿಲ್ಲ" ಅಂದ್ರು ಸಾಹೇಬರು.
ಅಜ್ಜ ಇಷ್ಟು ದಿನ ಏನೂ ಅಂದಿಲ್ಲರಿ.

ನಾಕನೆ ದಿನ, ನಾಕನೆ ಕಂಬ.
ನಿಚ್ಚಣಿಕಿ ಮ್ಯಾಲ ನಾನು, ಕೆಳಗ ಸಾಹೇಬರು.
ಗಿಡ್ಡ. ಎರಡೂವರಿ ಬೆರಳು.
ಎರಡು ಸರ್ತಿ ಅಳದ್ರು, ಮೂರು ಸರ್ತಿ.
"ನೀ ಬಿಗಿ ಹಿಡದಿಲ್ಲ ಜಗದೇವಿ."

ಬೋದಿಗಿ ಕೆಳಗಿನ ಕತ್ತಲಿಗಿ ಬೆರಳು ಹಾಕಿದೆ.
ಕರಿ ಕಲ್ಲಿನ ನಡುವ ಒಂದು ತೆಳ್ಳಗಿನ ಪರ್ಸಿ,
ನಮ್ಮ ಖಣೀದು,
ಒಂದು ಬದಿಗಿ ಗಡಬಡಿಲೆ ಚಾಣ ಹೊಡದದ್ದು.
ನಮ್ಮಪ್ಪ ಇದಕ್ಕ ಚಿಪ್ಪಿ ಅಂತಿದ್ದ.
ಅಳತಿ ತಪ್ಪಿದ ದಿನ,
ಮಾಲಕ ಊಟ ಮಾಡಿ ಬರೂದ್ರಾಗ ತುರಕೋ ಚಿಪ್ಪಿ.
ಆ ದಿನ ಮನಿಗಿ ಬಂದು ಮಾತಾಡ್ತಿದ್ದಿಲ್ಲ ಅವ,
ರೊಟ್ಟಿ ಮುರದು ಹಂಗೇ ಕೂಡ್ತಿದ್ದ.

"ಕೈ ಜಾರಿತ್ತುರಿ" ಅಂದೆ.
ಸೊನ್ನಿನ ಚಿಪ್ಪಿ ದಾಟಿಸಿ ಮ್ಯಾಲ ಒತ್ತಿ ಹಿಡದೆ.

"ಹಾಂ, ಈಗ ಬಂತು ನೋಡು" ಅಂದ್ರು ಸಾಹೇಬರು,
"ನಾಕೂ ಸರಿ ಅವ."